ಬ್ಲೂಸ್ ಲಾಗ್: ಗಾಂಧಾರ ಕೊನೆಗೂ ಕೂತಿತು

ಕೂತಿತು ಮಾರಾಯ್ರೇ! ಕರ್ನಾಟಕ ಸಂಗೀತ ಕಲಿತ ನಾನು ಮನೆಯಲ್ಲೇ ಒಂದು ಬ್ಲೂಸ್ ಹಾಡು ರೆಕಾರ್ಡ್ ಮಾಡುತ್ತಿದ್ದೇನೆ, ಅದರ ‘ಗ’ ಸ್ವರದ ಕತೆ ಇದು. ಪದ್ಯ, ಟ್ರ್ಯಾಕ್, ಮೈಕ್ ಇಡುವ ಜಾಗ ಎಲ್ಲ ಹಿಂದೆಯೇ ಆಗಿತ್ತು, ಅದನ್ನು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ತಾಳದ್ದೂ ತಕರಾರಿರಲಿಲ್ಲ. ಹನ್ನೆರಡು ಬಾರಿನ ಬ್ಲೂಸ್ ಅಂದರೆ, ಬಾರಿಗೆ 4ರಂತೆ 48 ಎಣಿಕೆ, 8 ಎಣಿಕೆಯ ಆದಿತಾಳದ 6 ಆವರ್ತ (ಸುತ್ತು). ಸ್ವಿಂಗ್, ಅಂದರೆ ಜಾಸಿನ ಆ ಓಲಾಟದ ನಡೆ ಬೇಕಾದರೆ ತಿಸ್ರದಲ್ಲಿ (ಎಣಿಕೆಗೆ ಮೂರು ಭಾಗ) ‘ತಕಿಟ’ ಹೇಳಿ ನಡುವಿನ ‘ಕಿ’ ನುಂಗಿದರೆ ಹತ್ತಿರ ಬರುತ್ತದೆ.

ಕಾಟ ಕೊಟ್ಟದ್ದು ಗಾಂಧಾರ. ಶುದ್ಧ ಧನ್ಯಾಸಿ ರಾಗಕ್ಕೆ ಒಂದು ಪ್ರತಿ ಮಧ್ಯಮ (ಮೇಲಿನ ‘ಮ’) ಸೇರಿಸಿದರೆ ಬ್ಲೂಸ್ ಸ್ಕೇಲ್ ಆಯಿತು ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಕಾಗದದಲ್ಲಿ ಸರಿ. ಹಾಡಿ ಕಳಿಸಿದರೆ ಮಂಗಳೂರಿನಲ್ಲಿ ಕೀಬೋರ್ಡ್ ನುಡಿಸುವ ಚಿಕ್ಕಮ್ಮನ ಮಗನ ಉತ್ತರ: “ಅಕ್ಕಾ, ಫ್ಲಾಟ್ ಕೇಳ್ತದೆ.” ಅಂದರೆ ಶ್ರುತಿ ಇಳಿದಿದೆ ಅಂತ. ತಂಬೂರಿ ಎದುರು ಕೂತು ಬೆಳೆದವಳಿಗೆ ಹೇಳುವ ಮಾತಾ ಇದು!

ಆದರೆ ಅವನು ಹೇಳಿದ್ದರಲ್ಲಿ ಅರ್ಥ ಇತ್ತು. ನನ್ನ ಶ್ರುತಿ ಬಿಳಿ ಐದು, ಅವನ ಲೆಕ್ಕದಲ್ಲಿ ಜಿ, ಅದೇ ನನ್ನ ಷಡ್ಜ. ಮೊದಲ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜಿ ಸೆವೆಂತ್. ಅದರೊಳಗೆ ಅಂತರ ಗಾಂಧಾರ, ಅಂದರೆ ಮೇಲಿನ ‘ಗ’, ಗಟ್ಟಿಯಾಗಿ ಕೂತಿದೆ. ನಾನು ಹಾಡುವುದು ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನ ಸಾಧಾರಣ ಗಾಂಧಾರ, ಅದೂ ಕಂಪಿತದಲ್ಲಿ (ಸ್ವರ ಅಲುಗಿಸುವ ಗಮಕ). ತಂಬೂರಿಗೆ ಆ ಕಂಪಿತ ಚಂದ, ಕಾರ್ಡಿಗೆ ಅದು ತಡಕಾಟ. ಮಜಾ ಅಂದರೆ ನಾಲ್ಕನೇ ಕಾರ್ಡಿಗೆ ಹೋದ ಕೂಡಲೇ ಎಲ್ಲ ಸರಿ. ಸಿ ಸೆವೆಂತ್‌ನಲ್ಲಿ ನನ್ನ ಗಾಂಧಾರ ಏಳನೇ ಸ್ವರವಾಗಿ ಒಳಗೇ ಇದೆ. ಜಿ ಸೆವೆಂತ್‌ಗೆ ವಾಪಸ್ ಬಂದರೆ ಮತ್ತೆ ಜಗಳ.

ಪಿಚ್ ಸರಿಮಾಡುವ ಪ್ಲಗಿನ್ ಹಾಕಿ ನೋಡಿದೆ. ಗಮಕವನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಕೊಟ್ಟಿತು. ಹೊಸ ಮೈಕಿಗೆ ಎಕ್ಸ್‌ಎಲ್‌ಆರ್ ಕೇಬಲ್ ತರಿಸಿದೆ, ಬಂದದ್ದು ಗಿಟಾರ್ ಕೇಬಲ್. ವಾಪಸ್ ಕೊಡೋಣ ಅಂದರೆ ಬದಿಯಡ್ಕದ ಪಿನ್‌ಕೋಡಿಗೆ ಪಿಕಪ್ ಇಲ್ಲವಂತೆ. ತಂದು ಕೊಡುವಾಗ ಗೊತ್ತಿದ್ದ ದಾರಿ ಒಯ್ಯುವಾಗ ಮರೆತು ಹೋಗ್ತದಾ? ಹಳೇ ಕೇಬಲಿನಲ್ಲೇ ಕೂತರೆ ಹಂಚಿನ ಮೇಲೆ ಮಳೆ. ಮಳೆ ನಿಂತರೆ ಆಚೆ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪು.

“ಸುಮ್ನೆ ಗಮಕ ಬಿಟ್ಟು ಹಾಡು” ಎಂಬ ಸಲಹೆಯೂ ಬಂತು. ನನಗೆ ಅದು ರುಚಿಸುವುದಿಲ್ಲ. ಅಮೆರಿಕದ ಗಾಯಕಿ ನೀನಾ ಸಿಮೋನ್ ಶಾಸ್ತ್ರೀಯ ಪಿಯಾನೊ ಕಲಿತವರು. ಜಾಸ್‌ಗೆ ಬರುವಾಗ ಬಾಖ್‌ನನ್ನು ಮನೆಯಲ್ಲಿ ಬಿಟ್ಟು ಬರಲಿಲ್ಲ. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲೇ ಗಮಕ ತೆಗೆದರು.

ದಾರಿ ಸಿಕ್ಕಿದ್ದು ಪಿಯಾನೊದವರ ಒಂದು ಉಪಾಯದಿಂದ. ಬ್ಲೂಸ್ ಕೇಳುವ ಗಾಂಧಾರ ಸಾಧಾರಣ ಮತ್ತು ಅಂತರದ ನಡುವೆ ಎಲ್ಲೋ ಇದೆ. ಪಿಯಾನೊದಲ್ಲಿ ಅಲ್ಲಿ ಮನೆಯೇ (ಒತ್ತುವ ಕೀ) ಇಲ್ಲ, ಹಾಗಾಗಿ ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತುತ್ತಾರೆ. ನನಗೆ ಆ ಕಷ್ಟ ಯಾಕೆ? ಗಂಟಲು ಇದೆಯಲ್ಲ. ತಮ್ಮನ ಹತ್ತಿರ ಜಿ ಸೆವೆಂತ್‌ನಿಂದ ಬಿ, ಅಂದರೆ ಆ ಅಂತರ ಗಾಂಧಾರವನ್ನೇ ತೆಗೆಸಿದೆ. ಜಿ, ಡಿ, ಎಫ್ ಮಾತ್ರ ಉಳಿಯಿತು. ಕಂಪಿತದ ಬದಲು ಜಾರು ಹಾಕಿದೆ. ಸಾಧಾರಣದಲ್ಲಿ ಹಿಡಿದು, ನಿಧಾನ ಮೇಲೆತ್ತಿ, ಅಂತರ ಮುಟ್ಟುವ ಮೊದಲೇ ಷಡ್ಜಕ್ಕೆ ಇಳಿಯುವುದು. ಹೆಡ್‌ಫೋನಿನಲ್ಲಿ ಕೇಳಿ ಒಬ್ಬಳೇ ನಕ್ಕೆ. ಅದು ಅಮೆರಿಕದ ಸೋಲ್ ಸಂಗೀತ ಹಾಡುವವರ ಎಳೆತವೇ ಆಗಿತ್ತು, ಆದರೆ ನಾನು ಕಲಿತ ಗಂಟಲಿನದ್ದೇ.

ಅಂದ ಹಾಗೆ, ಮುಂದಿನ ಹಾಡಿಗೆ ಮದ್ದಳೆ ಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ ಇರುವಾಗ ಡ್ರಮ್ ಸ್ಯಾಂಪಲ್ ಡೌನ್‌ಲೋಡ್ ಮಾಡುತ್ತಾ ಕೂರುವುದು ನಾಚಿಕೆಗೇಡು. ಜಾಸ್ ಡ್ರಮ್ಮಿನವರು ಬ್ರಷ್ಷಿನಲ್ಲಿ ಮಾಡುವ ಕೆಲಸ ಬೆರಳಿನಲ್ಲಿ ಆಗುತ್ತದಾ ನೋಡಬೇಕು. ಚೆಂಡೆ ಮಾತ್ರ ಸದ್ಯಕ್ಕೆ ಬೇಡ, ಈ ಮೈಕ್ ತಡೆಯುವುದಿಲ್ಲ.

ಈಗ ಉಳಿದದ್ದು ಐದನೇ ಕಾರ್ಡ್. ಅದರಲ್ಲಿ ಕಾಕಲಿ ನಿಷಾದ (ಮೇಲಿನ ‘ನಿ’, ಅವನ ಎಫ್ ಶಾರ್ಪ್) ಇದೆ, ನನ್ನದು ಕೆಳಗಿನ ಕೈಶಿಕಿ. ಬಿ ತೆಗೆದ ಹಾಗೆ ಅಲ್ಲಿ ಎಫ್ ಶಾರ್ಪ್ ತೆಗೆ ಅಂದರೆ ತಮ್ಮ ಕೇಳುತ್ತಿದ್ದಾನೆ: “ಅಕ್ಕಾ, ಮತ್ತೆ ನಾನು ನುಡಿಸುವುದು ಎಂತ?”