ಅವ್ವನ ಮಾರಿ, ಅವ್ವನ ಸೋಪು

ಹೆಸರು ಬರೆಸಲು ಫೋನ್ ಮಾಡಿದಾಗಲೇ ಚರ್ಮದ ಡಾಕ್ಟರ ಕಡೆಯವರು ಹೇಳಿದ್ದರು: ಮುಖಕ್ಕೆ ಹಚ್ಚುವುದು, ಮುಖ ತೊಳೆಯುವುದು ಏನೇ ಇದ್ದರೂ ತೆಗೆದುಕೊಂಡು ಬನ್ನಿ, ಖಾಲಿ ಟ್ಯೂಬ್ ಆದರೂ ಸರಿ. ಅವ್ವ ಅದನ್ನು ಅಕ್ಷರಶಃ ಪಾಲಿಸಿದಳು. ಬಚ್ಚಲಿನ ಗೂಡಿನಲ್ಲಿದ್ದದ್ದೆಲ್ಲ ಸಂತೆ ಚೀಲಕ್ಕೆ ಇಳಿಯಿತು. ಬೇವಿನ ಸೋಪು, ಹಚ್ಚಿದರೆ ಜುಮ್ಮೆಂದು ತಂಪಾಗುವ ಫೇಸ್‌ವಾಶ್, ಡಬ್ಬಿಯಲ್ಲಿ ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿಯ ಪೊಟ್ಟಣ, ಮೈ ತಿಕ್ಕುವ ನೈಲಾನ್ ಜಾಳಿಗೆ, ಹಿಂಡಿಟ್ಟ ಲಿಂಬೆ ಹೋಳು ಕೂಡ. ಕೊನೆಗೆ, ಮೆಡಿಕಲ್ ಶಾಪಿನವರು ಕೊಟ್ಟಿದ್ದ, ಮೂತಿಯವರೆಗೆ ಸುರುಳಿ ಸುತ್ತಿದ ಮುಲಾಮಿನ ಟ್ಯೂಬ್.

ಅವ್ವ ಧಾರವಾಡದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ನಸುಕಿನಲ್ಲಿ ಹಂಚು ಕಾದರೆ ಮಧ್ಯಾಹ್ನದವರೆಗೂ ಅದರ ಮುಂದಿಂದ ಏಳುವಂತಿಲ್ಲ. ಐವತ್ತರ ಆಸುಪಾಸಿನಲ್ಲಿ ಅವಳ ಕೆನ್ನೆ, ಮೂಗು ಉರಿಯಲು ಶುರುವಾಯಿತು. ಮೊದಮೊದಲು ಕೆಲಸ ಮುಗಿದ ಮೇಲೆ ತಣ್ಣಗಾಗುತ್ತಿತ್ತು. ಆಮೇಲೆ ರಾತ್ರಿಯಾದರೂ ಆರಲಿಲ್ಲ. ಸಣ್ಣ ಗುಳ್ಳೆ ಎದ್ದವು. ಬಿಳಿ ಚರ್ಮದವರ ಫೋಟೊಗಳಲ್ಲಿ ಕಾಣುವಂಥ ಕೆಂಪು ಅವಳಲ್ಲಿ ಕಾಣಲಿಲ್ಲ. ಗೋಧಿ ಬಣ್ಣದ ಕೆನ್ನೆ ಹುಣಸೆಹಣ್ಣು ಕಾಣದ ಹಳೇ ತಾಮ್ರದ ತಂಬಿಗೆಯ ಹಾಗೆ ಕಂದಿತ್ತು, ಅಷ್ಟೆ. ಹಾಗಾಗಿ ನೋಡಿದವರೆಲ್ಲ ಬಿಸಿಲು ಎಂದರು, ಉಷ್ಣ ಎಂದರು, ಪಿತ್ತ ಎಂದರು.

ಒಮ್ಮೆ ರೊಟ್ಟಿ ಒಯ್ಯಲು ಬಂದ ಹೆಣ್ಣುಮಗಳೊಬ್ಬಳು, "ಅಕ್ಕಾರ, ಹಿಟ್ಟು ಬೆವರು ಕೂಡಿ ಮಾರಿ ಮ್ಯಾಲೆ ಕುಂದರ್ತಾವ ನೋಡ್ರಿ. ಸೋಪ್ ಹಚ್ಚಿ ಚಂದಂಗ ತಿಕ್ಕಿ ತೊಳ್ಕೊಳ್ರಿ, ಹೋಗ್ತಾವ" ಎಂದಳು. ಕೇಡು ಬಗೆದು ಆಡಿದ ಮಾತಲ್ಲ. ಆದರೆ ತಿನ್ನುವ ಪದಾರ್ಥ ಮಾಡಿ ಮಾರುವ ಹೆಂಗಸಿಗೆ ತನ್ನ ಮುಖ ಸ್ವಚ್ಛವಿಲ್ಲ ಎಂದು ಕೇಳಿಸಿದರೆ ಅದು ಎಷ್ಟು ಆಳಕ್ಕೆ ನಾಟುತ್ತದೆ ಎಂಬುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಹಿಟ್ಟು ನಾದುವ ಮೊದಲು ಮೊಣಕೈವರೆಗೆ ಕೈ ತೊಳೆದು, ತಲೆಗೆ ಬಟ್ಟೆ ಬಿಗಿದು ಕೂರುವವಳು ಅವಳು. ಅಂದಿನಿಂದ ಹಂಚಿನ ಮುಂದಿಂದ ಎದ್ದಾಗಲೆಲ್ಲ ಬಚ್ಚಲಿಗೆ ಹೋಗತೊಡಗಿದಳು. ತೊಳೆದಷ್ಟೂ ಉರಿ ಹೆಚ್ಚಿತು, ಉರಿ ಹೆಚ್ಚಿದಷ್ಟೂ ತೊಳೆದಳು.

ಡಾಕ್ಟರು ಅವ್ವನ ವಯಸ್ಸಿನವರೇ. ಚೀಲ ಬಿಚ್ಚಿಸುವ ಮೊದಲು ಕೈಯ ಹಿಂಬದಿಯನ್ನು ಅವ್ವನ ಕೆನ್ನೆಗೆ, ಆಮೇಲೆ ಕುತ್ತಿಗೆಗೆ ಇಟ್ಟು ನೋಡಿದರು. ಕೆನ್ನೆ ಬಿಸಿ, ಕುತ್ತಿಗೆ ತಣ್ಣಗೆ. ಗಾಜಿನ ಪಟ್ಟಿಯೊಂದನ್ನು ಕೆನ್ನೆಗೆ ಒತ್ತಿದರು. ಒತ್ತಿದಲ್ಲಿ ಕಂದು ತಿಳಿಯಾಯಿತು, ತೆಗೆದ ಕೂಡಲೇ ಮತ್ತೆ ತುಂಬಿಕೊಂಡಿತು. "ಬಿಸಲಿನ ಕಪ್ಪಾಗಿದ್ರ ಒತ್ತಿದ್ರೂ ಹೋಗ್ತಿದ್ದಿಲ್ಲ. ಒಳಗ ರಕ್ತನಾಳ ಹಿಗ್ಗ್ಯಾವ" ಎಂದು ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಗುಳ್ಳೆಗಳಿವೆ, ಆದರೆ ಮೊಡವೆಯ ಮುಖದಲ್ಲಿ ಇರುವಂಥ ಕಪ್ಪು ಚುಕ್ಕೆಗಳಿಲ್ಲ ಎಂಬುದನ್ನೂ ತೋರಿಸಿದರು. ಕೆನ್ನೆ, ಮೂಗಿನ ಮೇಲೆ ಇಂಥದೇ ಕಲೆ ತರುವ ಲೂಪಸ್ ಎಂಬ ಕಾಯಿಲೆ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲು ರಕ್ತ ಪರೀಕ್ಷೆ ಬರೆದರು. ರೋಗದ ಹೆಸರು ರೊಸೇಶಿಯಾ. ಮೂವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದ್ದರಿಂದ ನಮ್ಮ ಕಡೆ ಎಷ್ಟೋ ಜನರಿಗೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ.

"ದಿನಕ್ಕ ಎಷ್ಟ್ ಸಲ ತೊಳೀತೀರಿ?"

"ಹಂಚಿನ ಮುಂದಿಂದ ಎದ್ದಾಗೊಮ್ಮೆ ತೊಳೀತೀನ್ರಿ, ಬಾಯಾರ."

"ಬಿಸಿನೀರೋ, ತಣ್ಣೀರೋ?"

"ಜಿಡ್ಡು ಹೋಗ್ಬೇಕಲ್ರಿ. ಬಿಸಿನೀರ."

ಡಾಕ್ಟರು ಬೈಯಲಿಲ್ಲ. "ನಿಮ್ಮ ಮಾರಿ ಹೊಲಸಿಲ್ಲ. ಮೊದ್ಲ ಅದನ್ನ ತಲ್ಯಾಗಿಂದ ತೆಗೀರಿ" ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದ ಅವ್ವ ಆ ಮಾತಿಗೆ ತಲೆ ಎತ್ತಿದಳು. ನನಗೆ ಅಂದಿನ ಭೇಟಿಯಲ್ಲಿ ಬರೆದುಕೊಟ್ಟ ಔಷಧಕ್ಕಿಂತ ದೊಡ್ಡದೆನಿಸಿದ್ದು ಆ ಒಂದು ಮಾತು.

ಆಮೇಲೆ ಚೀಲದ ಸಾಮಾನು ಒಂದೊಂದಾಗಿ ಮೇಜಿನ ಮೇಲೆ ಬಂತು. ಸೋಪಿನಿಂದ ಶುರು. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಆಮ್ಲ-ಕ್ಷಾರ ಅಳೆಯುವ ಪಿಎಚ್ ಮಾಪನದಲ್ಲಿ ಸುಮಾರು 5 (ಅಂಕಿ ಏರಿದಷ್ಟೂ ಕ್ಷಾರ ಹೆಚ್ಚು). ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಸೋಪು, ಅದು ಬೇವಿನದಿರಲಿ ಗಂಧದ್ದಿರಲಿ, 9ರಿಂದ 10. ಪಿಎಚ್‌ನಲ್ಲಿ ಒಂದು ಮೆಟ್ಟಿಲು ಏರಿದರೆ ಹತ್ತು ಪಟ್ಟು ವ್ಯತ್ಯಾಸ. ಗಟ್ಟಿ ಚರ್ಮದವರಲ್ಲಿ ಸೋಪಿನಿಂದ ಏರಿದ ಪಿಎಚ್ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ಅಷ್ಟರೊಳಗೆ ಮತ್ತೆ ಮತ್ತೆ ತೊಳೆದರೆ ಸರಿಹೋಗಲು ಹೊತ್ತೆಲ್ಲಿ? ಸೋಪಿನ ಪೊಟ್ಟಣದ ಮೇಲೆ ಟಿಎಫ್‌ಎಂ, ಅಂದರೆ ಅದರಲ್ಲಿರುವ ಒಟ್ಟು ಕೊಬ್ಬಿನ ಅಂಶ, ನೋಡಿ ಕೊಳ್ಳುವ ರೂಢಿ ನಮ್ಮ ಮನೆಯಲ್ಲೂ ಇದೆ. 76 ಪ್ರತಿಶತ ಇದ್ದರೆ ಮೊದಲ ದರ್ಜೆ ಎನ್ನುವುದು ನಿಜ. ಆದರೆ ಮೊದಲ ದರ್ಜೆಯ ಸೋಪೂ ಕ್ಷಾರವೇ. ಅವ್ವನ ಮುಖಕ್ಕೆ ಬೇಕಿದ್ದದ್ದು ಸಿಂಡೆಟ್ ಎಂಬ, ಸೋಪಲ್ಲದ, ಪಿಎಚ್ ಕಡಿಮೆ ಇರುವ, ಸುವಾಸನೆಯಿಲ್ಲದ ಕ್ಲೆನ್ಸರ್. ಸೋಪಿನಷ್ಟು ನೊರೆ ಬರುವುದಿಲ್ಲ. ನೊರೆ ಬರದಿದ್ದರೆ ಅವ್ವನಿಗೆ ತೊಳೆದಂತೆಯೇ ಅಲ್ಲ, ಅದನ್ನು ಒಪ್ಪಿಸಲು ಕಷ್ಟವಾಯಿತು.

ಫೇಸ್‌ವಾಶ್‌ನ ತಂಪು ಮೆಂಥಾಲ್‌ನದು. ಅದು ಚರ್ಮವನ್ನು ತಣ್ಣಗೆ ಮಾಡುವುದಿಲ್ಲ, ನರಕ್ಕೆ ತಂಪೆಂಬ ಭಾಸ ಕೊಡುತ್ತದೆ, ಇಂಥ ಚರ್ಮವನ್ನು ಕೆರಳಿಸುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ, ಸ್ಪಿರಿಟ್ ಇರುವ ಟೋನರ್ ಕೂಡ ಅದೇ ಸಾಲಿಗೆ. ಲಿಂಬೆ ಆಮ್ಲೀಯವಲ್ಲವೇ, ಚರ್ಮಕ್ಕೆ ಹೊಂದಬೇಕಲ್ಲ ಎಂದು ನಾನೇ ಕೇಳಿದೆ. ಅದರ ಪಿಎಚ್ ಎರಡರ ಆಸುಪಾಸು, ಹಸಿ ಚರ್ಮ ಸುಡಲು ಸಾಕು ಎಂದರು. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಜಾಳಿಗೆಗಳನ್ನು ಒಟ್ಟಿಗೆ ಒಂದು ಬದಿಗೆ ಸರಿಸಿದರು. ಹಿಟ್ಟು ಕೆಟ್ಟದ್ದೆಂದಲ್ಲ, ಒಣಗಿದ ಮೇಲೆ ತಿಕ್ಕಿ ತೆಗೆಯುತ್ತೇವಲ್ಲ, ಆ ತಿಕ್ಕುವುದೇ ತೊಂದರೆ.

ಟ್ಯೂಬನ್ನು ಕೊನೆಗೆ ಉಳಿಸಿಕೊಂಡಿದ್ದರು. ಸುರುಳಿ ಬಿಚ್ಚಿ ಹೆಸರು ಓದಿದರು. ಗಜಕರ್ಣಕ್ಕೆಂದು ಮಾರುವ, ಫಂಗಸ್ ಔಷಧದ ಜತೆಗೆ ಕ್ಲೊಬೆಟಸಾಲ್ ಎಂಬ ಬಲವಾದ ಸ್ಟಿರಾಯ್ಡ್ ಬೆರೆಸಿದ ಮುಲಾಮು. ಹಚ್ಚಿದ ವಾರದಲ್ಲಿ ಗುಳ್ಳೆ ಮಾಯವಾಗುತ್ತವೆ, ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಯಾರೂ ಬಿಡುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಹಿಗ್ಗಿ, ಸ್ವತಃ ಸ್ಟಿರಾಯ್ಡೇ ರೊಸೇಶಿಯಾದಂಥ ಮುಖವನ್ನು ತಂದಿಡುತ್ತದೆ. ನಮ್ಮ ದೇಶದ ಚರ್ಮವೈದ್ಯರು ಇದನ್ನು ಎಷ್ಟು ಕಂಡಿದ್ದಾರೆಂದರೆ ಅದಕ್ಕೊಂದು ಪ್ರತ್ಯೇಕ ಹೆಸರೇ ಇದೆ: ಸ್ಟಿರಾಯ್ಡ್‌ನಿಂದ ಹಾಳಾದ ಮುಖ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಅವ್ವನಿಗೆ ಅದು ಸಿಕ್ಕಿದ್ದು ಬರೀ ಬಾಯಿಮಾತಿನ ಮೇಲೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಮುಖಕ್ಕೆ ಹಚ್ಚಲು ಕೇಳುವ ಹೆಂಗಸಿನ ಕೈಗೆ ಅಂಥ ಟ್ಯೂಬ್ ಕೊಟ್ಟು, ಯಾವಾಗ ನಿಲ್ಲಿಸಬೇಕೆಂದೂ ಹೇಳದೆ ಕಳಿಸುವುದು ಸಣ್ಣ ಅನ್ಯಾಯವಲ್ಲ.

ಆಮೇಲೆ ಡಾಕ್ಟರು ಅವ್ವನನ್ನು ಮೂಲೆಯ ಸಿಂಕಿನ ಹತ್ತಿರ ಕರೆದುಕೊಂಡು ಹೋದರು. ಮೊದಲು ಕೈ ತೊಳೆಸಿದರು. ಬಿಸಿಯೂ ಅಲ್ಲದ, ಕೊರೆಯುವಷ್ಟು ತಣ್ಣಗೂ ಇಲ್ಲದ ನೀರಿನಿಂದ ಮುಖ ತೋಯಿಸಿ, ಬಟಾಣಿ ಕಾಳಿನಷ್ಟು ಕ್ಲೆನ್ಸರನ್ನು ಬೆರಳ ತುದಿಗಳಿಂದ ಸವರಿಸಿದರು. ಅವ್ವನ ಬೆರಳುಗಳು ಅಭ್ಯಾಸದಂತೆ ಒತ್ತಿ ತಿಕ್ಕಲು ಹೊರಟಾಗ ಮೆಲ್ಲಗೆ ಹಿಡಿದು, "ಚರ್ಮ ಅಲಗಾಡಬಾರ್ದು, ಬರೇ ಬೆರಳು ಜಾರಬೇಕು" ಎಂದರು. ಅರ್ಧ ನಿಮಿಷವೂ ಅಲ್ಲ, ತೊಳೆದುಬಿಡಿ. ಒರೆಸುವುದು ಬೇಡ, ಹಳೇ ಮೆತ್ತನೆ ಹತ್ತಿಬಟ್ಟೆ ಒತ್ತಿ ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಚರ್ಮ ಪೂರ್ತಿ ಆರಿದ ಮೇಲೆ ಗುಳ್ಳೆಗೆಂದು ಬರೆದುಕೊಟ್ಟ ಮೆಟ್ರೊನಿಡಜೋಲ್ ಜೆಲ್, ಆಮೇಲೆ ಮಾಯಿಶ್ಚರೈಸರ್. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ನಡುವೆ ಬೆವರಿದರೆ ಬರೀ ನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿಕೊಳ್ಳಿ, ಸೋಪು ಬೇಡವೇ ಬೇಡ. ಹಗಲಿಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್.

ಡೆಮೊಡೆಕ್ಸ್ ಎಂಬ, ಕಣ್ಣಿಗೆ ಕಾಣದ ನುಸಿಯ ಮಾತೂ ಬಂತು. ರೋಮದ ಬುಡದಲ್ಲಿ ಅದು ದೊಡ್ಡವರೆಲ್ಲರ ಮುಖದಲ್ಲೂ ಇರುತ್ತದೆ, ರೊಸೇಶಿಯಾ ಇದ್ದವರಲ್ಲಿ ಹೆಚ್ಚು. "ಹುಳಾ?" ಎಂದು ಅವ್ವ ಮುಖ ಕಿವುಚಿದಳು. ಮತ್ತೆ ಬಿಸಿನೀರು, ಜಾಳಿಗೆಯ ಕಡೆ ಅವಳ ಮನಸ್ಸು ಹೊರಟಿತೆಂದು ನನಗೂ ಗೊತ್ತಾಯಿತು, ಡಾಕ್ಟರಿಗೂ. ತಿಕ್ಕಿದರೆ ಅವು ಹೋಗುವುದಿಲ್ಲ, ಹೋಗುವುದು ಚರ್ಮದ ಕಾಪು ಮಾತ್ರ. ಬೇಕಾದರೆ ಅದಕ್ಕೆ ಐವರ್ಮೆಕ್ಟಿನ್ ಕ್ರೀಮ್ ಇದೆ ಎಂದರು.

ಮನೆಗೆ ಬಂದ ಮೇಲೆ ನಾನು ಓದುತ್ತ ಹೋದೆ. 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮನಸ್ಸಿಗೆ ಹಿಡಿಯಿತು. ರೋಗಾಣುಗಳನ್ನು ತಡೆಯಲು ಚರ್ಮ ತಾನೇ ಕ್ಯಾಥೆಲಿಸಿಡಿನ್ ಎಂಬ ಪ್ರೋಟೀನು ತಯಾರಿಸುತ್ತದೆ. ರೊಸೇಶಿಯಾದಲ್ಲಿ ಅದು ಅತಿಯಾಗಿರುತ್ತದೆ, ಮತ್ತು ಕಲ್ಲಿಕ್ರೀನ್-5 ಎಂಬ ಕಿಣ್ವ ಅದನ್ನು ಉರಿಯೂತ ಹುಟ್ಟಿಸುವ ತುಂಡುಗಳಾಗಿ ಕತ್ತರಿಸುತ್ತದೆ. ಆಮ್ಲೀಯ ಚರ್ಮದಲ್ಲಿ ಆ ಕಿಣ್ವ ತಗ್ಗಿರುತ್ತದೆ, ಪಿಎಚ್ ಏರಿದಂತೆ ಚುರುಕಾಗುತ್ತದೆ. ಅಂದರೆ ರಕ್ಷಣೆಗೆ ಅದಾಗಲೇ ಅತಿಯಾಗಿ ಸಜ್ಜಾಗಿ ನಿಂತ ಮುಖ ಅವ್ವನದು, ಸೋಪು ಅದನ್ನು ಇನ್ನಷ್ಟು ರೇಗಿಸುತ್ತಿತ್ತು. ಹಂಚಿನ ಝಳದ ವಿಷಯವೂ ಹೀಗೇ. ಮೆಣಸಿನಕಾಯಿಯ ಖಾರಕ್ಕೂ ಸುಡುವ ಬಿಸಿಗೂ ಸ್ಪಂದಿಸುವ ರಿಸೆಪ್ಟರ್ ಎಂಬ ಸಂವೇದಕ ನಮ್ಮ ನರದ ತುದಿಯಲ್ಲಿ ಒಂದೇ, ಟಿಆರ್‌ಪಿವಿ-1. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಕೆಂಪು ಚಟ್ನಿ ಹಚ್ಚಿದ ರೊಟ್ಟಿ ತಿಂದಾಗಲೂ ಅವ್ವನ ಕೆನ್ನೆ ಉರಿಯುವುದೇಕೆಂದು ಅಂದು ತಿಳಿಯಿತು.

ಸ್ಟಿರಾಯ್ಡನ್ನು ಡಾಕ್ಟರು ಒಮ್ಮೆಲೇ ನಿಲ್ಲಿಸದೆ ಸೌಮ್ಯವಾದದ್ದಕ್ಕೆ ಇಳಿಸಿ ಬಿಡಿಸಿದರು. ಆದರೂ ಮೊದಲ ವಾರಗಳು ಕಷ್ಟದವು. ಮುಖ ಊದಿತು, ಗುಳ್ಳೆ ಇಮ್ಮಡಿಯಾದವು. "ಇದಕ್ಕಿಂತ ಮೊದ್ಲಿಂದ ಚಲೋ ಇತ್ತಲ್ಲ ಬೇ" ಎಂದು ಅವ್ವ ಆ ಹಳೇ ಟ್ಯೂಬನ್ನು ಹುಡುಕಿದ್ದೂ ಉಂಟು. ಹೀಗಾಗುತ್ತದೆಂದು ಮೊದಲೇ ಹೇಳಿ ಕಳಿಸಿದ್ದರಿಂದ ತಡೆದುಕೊಂಡೆವು. ಸ್ವಂತವಾಗಿ ಬಿಡಲು ಹೋಗುವವರು ಇಲ್ಲಿಯೇ ಸೋತು ಮತ್ತೆ ಅಂಗಡಿಗೆ ಹೋಗುತ್ತಾರೆ. ಡಾಕ್ಟರ ಕಣ್ಣಳತೆಯಲ್ಲೇ ಬಿಡಬೇಕು.

ನೀರಿನದು ನಮ್ಮ ಊರಿನದೇ ಪ್ರಶ್ನೆ. ಮಲಪ್ರಭೆಯ ನಲ್ಲಿ ನೀರು ದಿನಾ ಬರುವುದಿಲ್ಲ, ಬಳಕೆಗೆಲ್ಲ ಬೋರಿನ ನೀರು. ಅದು ಗಡಸು. ಅದರ ಸುಣ್ಣದ ಅಂಶ ಸೋಪಿನೊಂದಿಗೆ ಕೂಡಿ ಕರಗದ ಜಿಡ್ಡಾಗಿ ಬಕೀಟಿಗೆ ಹತ್ತುವಂತೆ ಮುಖಕ್ಕೂ ಹತ್ತುತ್ತದೆ, ಆ ಜಿಡ್ಡು ಹೋಗಲೆಂದು ಮತ್ತೆ ಸೋಪು. ಈಗ ಅವ್ವ ನಲ್ಲಿ ನೀರು ಬಂದ ದಿನ ಮುಖಕ್ಕೆಂದೇ ಒಂದು ಕೊಡ ತುಂಬಿ, ಮೇಲೆ ತಾಟು ಮುಚ್ಚಿ ಇಡುತ್ತಾಳೆ. ಹಂಚಿನ ಮುಂದೆ ಫ್ಯಾನು ಬಂದಿದೆ, ಉರಿಗೆ ಎದುರಾಗಿ ಅಲ್ಲದೆ ಓರೆಯಾಗಿ ಕೂರುತ್ತಾಳೆ. ಸನ್‌ಸ್ಕ್ರೀನಿನ ಬಿಳಿ ಮಾತ್ರ ಅವಳಿಗೆ ಒಗ್ಗಿಲ್ಲ, "ಹಿಟ್ಟು ಬಡ್ಕೊಂಡಂಗ ಕಾಣ್ತೈತಿ" ಎಂದು ಇಂದಿಗೂ ಗೊಣಗುತ್ತಾಳೆ. ಗುಳ್ಳೆ ಹೋಗಿವೆ. ಉರಿ ಪೂರ್ತಿ ಹೋಗಿಲ್ಲ. ಇದು ಬುಡಸಮೇತ ಹೋಗುವ ರೋಗವಲ್ಲ, ಯುಗಾದಿಯ ಬಿಸಿಲಿನಲ್ಲಿ ಮತ್ತೆ ತಲೆ ಎತ್ತುತ್ತದೆ.

ಕಳೆದ ಸಲ ಹೋದಾಗ ಕಣ್ಣು ಚುಚ್ಚುತ್ತವೆ, ಮರಳು ಬಿದ್ದಂತಾಗುತ್ತದೆ ಎಂದಳು ಅವ್ವ. ಹೊಗೆಯಿಂದ ಇರಬೇಕೆಂದು ನಾವಂದುಕೊಂಡಿದ್ದೆವು. ಡಾಕ್ಟರು ರೆಪ್ಪೆಯ ಬುಡ ನೋಡಿ, ರೊಸೇಶಿಯಾ ಕಣ್ಣಿಗೂ ಇಳಿಯುತ್ತದೆ ಎಂದು ಕಣ್ಣಿನ ಡಾಕ್ಟರಿಗೆ ಚೀಟಿ ಬರೆದರು. ಅಲ್ಲಿಯವರೆಗೆ ದಿನಾ ಉಗುರುಬೆಚ್ಚಗಿನ ಒದ್ದೆ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಕೆಲವು ನಿಮಿಷ ಇಟ್ಟು, ರೆಪ್ಪೆಯ ಅಂಚನ್ನು ಮೆಲ್ಲಗೆ ಒರೆಸಬೇಕು.

"ಬಿಸಿ ಬ್ಯಾಡ ಅಂದ್ರಿ, ಈಗ ಬಿಸಿ ಇಡು ಅಂತೀರಲ್ರಿ?" ಅವ್ವ ಕೇಳಿದಳು.

"ರೆಪ್ಪಿ ಒಳಗಿನ ಎಣ್ಣಿ ಗಟ್ಟಿಯಾಗಿರ್ತೈತಿ, ಅದು ಕರಗಾಕ. ಅಷ್ಟ ಬೆಚ್ಚಗ, ಅಷ್ಟ ಜಾಗಾಕ. ಕೆನ್ನಿಗೆ ತಾಗಿಸಬ್ಯಾಡ್ರಿ."

ಅವ್ವ ಆ ಬಟ್ಟೆಯನ್ನು ಎರಡು ಬೆರಳಗಲಕ್ಕೆ ಮಡಚಿ, ಅಲ್ಲೇ ಕುರ್ಚಿಯಲ್ಲಿ ಕೂತು, ಕೆನ್ನೆಗೆ ತಾಗದಂತೆ ಹೇಗೆ ಇಡುವುದೆಂದು ಡಾಕ್ಟರಿಗೆ ಮಾಡಿ ತೋರಿಸಿ, ಸರಿಯೆಂದ ಮೇಲೆಯೇ ಎದ್ದಳು.