ಸಿಪಾಯಿ ಸತ್ತ ಮೇಲೆ ಅವನ ಮನೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಗಿರುವ ಗ್ಯಾರಿಸನ್ ಸ್ಮಶಾನದ ಗೋರಿಗಲ್ಲುಗಳ ಮೇಲೆ ಯುರೋಪಿನ ಸೇನಾಧಿಕಾರಿಗಳ ಹೆಸರಿನ ಜೊತೆಗೆ ಅವರ ಹೆಂಡತಿ ಮಕ್ಕಳ ಹೆಸರುಗಳೂ ಇವೆ. ಇದೇ ಊರಿನ ಕೋಟೆಯಲ್ಲಿ 1799ರ ಮೇ 4ರಂದು, ಟಿಪ್ಪುವಿನ ಮೇಲೆ ಇಂಗ್ಲಿಷರು ಮಾಡಿದ ದಾಳಿಯಲ್ಲಿ ಮಡಿದ ಸಾವಿರಾರು ಮೈಸೂರು ಸಿಪಾಯಿಗಳ ಮನೆಯವರು ಮಾರನೆಯ ದಿನದಿಂದ ಏನುಂಡು ಬದುಕಿದರೆಂಬ ವಿಚಾರ ಮಾತ್ರ ದಾಖಲೆಗಳಲ್ಲಿ ಕಾಣುವುದೇ ಅಪರೂಪ. ಆ ವರ್ಷದ ಒಪ್ಪಂದದಲ್ಲಿ ಹೈದರ್ ಮತ್ತು ಟಿಪ್ಪುವಿನ ಕುಟುಂಬಗಳ ಪೋಷಣೆಗೆ ಎರಡು ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಎತ್ತಿಡಲಾಯಿತು. ಸಿಪಾಯಿಯ ಹೆಂಡತಿಯ ಪ್ರಸ್ತಾಪ ಅಲ್ಲಿಲ್ಲ. ಗೆದ್ದವರ ಕಡೆಯೂ ಹೇಳಿಕೊಳ್ಳುವಂತಿರಲಿಲ್ಲ: ಲೂಟಿಯ ಹಣದಲ್ಲಿ ಇಂಗ್ಲಿಷ್ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ 1,40,000 ಪೌಂಡಿಗೂ ಹೆಚ್ಚು ಸಂದರೆ, ಸಾಮಾನ್ಯ ಸೈನಿಕನಿಗೆ ದಕ್ಕಿದ್ದು ಬೆರಳೆಣಿಕೆಯ ಪೌಂಡು.

ನಮ್ಮ ಸೀಮೆಯಲ್ಲಿ ಹಿಂದೆ ಕಾದಾಡಿ ಸತ್ತವನ ಮನೆಗೆ ನೆತ್ತರುಕೊಡಗೆಯೆಂದು ಭೂಮಿ ಬಿಡುತ್ತಿದ್ದುದನ್ನು ಶಾಸನಗಳು ಹೇಳುತ್ತವೆ. ಅದು ಎಲ್ಲರಿಗೂ ಸಿಗುತ್ತಿರಲಿಲ್ಲ, ನಿಜ. ಆದರೂ ಹೊಲವೊಂದಿದ್ದರೆ ವಿಧವೆ ಉತ್ತು ಬಿತ್ತಿಸಿಕೊಂಡು ಮಕ್ಕಳನ್ನು ಸಾಕಬಹುದಿತ್ತು. ತಿಂಗಳ ಸಂಬಳದ ದಂಡಿನಲ್ಲಿ ಆಳು ಬಿದ್ದ ದಿನವೇ ಮನೆಯ ಆದಾಯವೂ ನಿಲ್ಲುತ್ತಿತ್ತು, ಹಾಗೂ ಆ ಸಂಬಳವಾದರೂ ಒಂಟಿ ಗಂಡಸಿನ ಹೊಟ್ಟೆಯನ್ನು ನೋಡಿ ಗೊತ್ತುಮಾಡಿದ್ದೇ ಹೊರತು ಸಂಸಾರವನ್ನು ನೋಡಿ ಅಲ್ಲ.

ಇಂಗ್ಲೆಂಡಿನಲ್ಲಿ ಈ ಲೆಕ್ಕಾಚಾರ ಇನ್ನೂ ಬಿಗಿಯಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಪಡೆಯೊಂದು ಹಡಗು ಹತ್ತುವಾಗ ನೂರು ಮಂದಿಗೆ ಸುಮಾರು ಆರು ಹೆಂಗಸರನ್ನಷ್ಟೇ ಜೊತೆಗೆ ಬಿಡುವ ರೂಢಿಯಿದ್ದು, ಅವರು ಯಾರೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಹೋಗುವ ಚೀಟಿ ಬಾರದವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದರಿನಲ್ಲೇ ಉಳಿಯಬೇಕು. ಅವಳು ನೆರವು ಕೇಳಿದರೆ, 1662ರ ಕಾನೂನಿನಂತೆ, ಗಂಡನ ಮೂಲ ಪ್ಯಾರಿಷ್‌ಗೆ (ಬಡವರ ಹೊಣೆ ಹೊತ್ತ ಚರ್ಚಿನ ಹೋಬಳಿಗೆ), ಅಂದರೆ ಎಷ್ಟೋ ಸಲ ಅವಳು ಕಣ್ಣಲ್ಲೂ ಕಂಡಿರದ ಊರಿಗೆ, ಸಾಗಹಾಕುತ್ತಿದ್ದರು. ದೇಶದೊಳಗೇ ಕಾವಲಿದ್ದ ಮಿಲಿಷಿಯಾ ಎಂಬ ನಾಡಪಡೆಯವರ ಕುಟುಂಬಕ್ಕೆ ಭತ್ಯೆ ಉಂಟು, ಕಡಲಾಚೆ ಸಾಯಲು ಹೋದವನ ಕುಟುಂಬಕ್ಕೆ ಇಲ್ಲ; ಇಷ್ಟು ತಲೆಕೆಳಗಾದ ನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮದರಾಸಿನಲ್ಲಿ 1789ರಲ್ಲಿ ತೆರೆದ ಅನಾಥಾಲಯದಲ್ಲಿ ಸತ್ತ ಯುರೋಪಿಯನ್ ಸೈನಿಕರ ಗಂಡುಮಕ್ಕಳಿಗೆ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪಾಠ ಹೇಳಿಸಿದ. ಆ ಮಕ್ಕಳಲ್ಲಿ ಅನೇಕರ ತಾಯಂದಿರು ಇಲ್ಲಿನವರೇ. ಅಲ್ಲಿ ಓದಿದ ವಿಲಿಯಂ ಸ್ಮಿತ್ ಎಂಬ ಹುಡುಗ, ಟಿಪ್ಪು ಇಂಗ್ಲಿಷರಲ್ಲಿ ಒತ್ತೆಯಿಟ್ಟಿದ್ದ ತನ್ನ ಮಕ್ಕಳನ್ನು 1794ರಲ್ಲಿ ಹಿಂದಕ್ಕೆ ಕರೆತಂದ ತಂಡದೊಡನೆ ಬಂದು ಟಿಪ್ಪುವಿನ ಎದುರಿಗೇ ವಿಜ್ಞಾನದ ಪ್ರಯೋಗಗಳನ್ನು ಮಾಡಿ ತೋರಿಸಿದ್ದನಂತೆ. ಮಕ್ಕಳಿಗೆ ಊಟವೂ ಅಕ್ಷರವೂ ಸಿಕ್ಕವು. ತಾಯಂದಿರನ್ನು ದೂರವಿಡುವುದು ಮಾತ್ರ ಆ ಏರ್ಪಾಡಿನ ಉದ್ದೇಶಗಳಲ್ಲೇ ಒಂದಾಗಿತ್ತು.