ದುಡ್ಡು ಕೊಟ್ಟು ಕೀಳಿಸಿದ ಗರಿಕೆ

"ಹುಲ್ಲು ನಾಯಿಗೋ, ನಿಮಗೋ? ಮೊದ್ಲು ಅದ ಹೇಳವ್ವ."

ಮಂಗಳವಾರ ಬೆಳಗ್ಗೆ ನಮ್ಮ ಹಿತ್ತಲಲ್ಲಿ ನಿಂತು ತೋಟದ ಕೆಲಸದ ಅಜ್ಜ ಹೀಗೆ ಕೇಳಿದರು. ನಂಜನಗೂಡಿನ ಕಡೆಯವರು, ಮಾತು ಕಡಿಮೆ. ನಾನು "ನಾಯಿಗೇ" ಅಂದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲ ಕೆಳಗಿದ್ದ ಪ್ಲಾಸ್ಟಿಕ್ ಹುಲ್ಲನ್ನು ನೋಡಿದರು. ಅಲ್ಲಿಗೆ ಉತ್ತರ ಸಿಕ್ಕಿತು ಅವರಿಗೆ.

ಮೈಸೂರಿನ ನಮ್ಮ ಮನೆಯ ಹಿತ್ತಲು 12 ಅಡಿಗೆ 20 ಅಡಿ. ಅಷ್ಟು ಜಾಗಕ್ಕೆ ಎರಡು ವರ್ಷದಲ್ಲಿ ನಾನು ಸುರಿದ ದುಡ್ಡಿನ ಲೆಕ್ಕ ಗಂಡನಿಗೆ ಪೂರ್ತಿ ಗೊತ್ತಿಲ್ಲ. ಮೊದಲು ಇದ್ದದ್ದು ಗರಿಕೆ. ಕಳೆ ಅಂತ ಇಬ್ಬರು ಆಳು ಹಚ್ಚಿ ಬೇರು ಸಮೇತ ಕೀಳಿಸಿದೆ. ಮೆಕ್ಸಿಕನ್ ಹುಲ್ಲು ಹಾಕಿಸಿದೆ, ಒಂದಷ್ಟು ದಿನ ಚೆಂದ ಇತ್ತು. ಆಮೇಲೆ ರಾಗಿ ಬಂದಳು. ಬೀದಿಯಲ್ಲಿ ಸಿಕ್ಕ ಮರಿ, ರಾಗಿ ಹಿಟ್ಟಿನ ಬಣ್ಣ.

ರಾಗಿ ಹೆಣ್ಣು. ಗಂಡು ನಾಯಿಯ ಹಾಗೆ ಕಂಬಕ್ಕಿಷ್ಟು ಗೇಟಿಗಿಷ್ಟು ಅಂತ ಹಂಚುವುದಿಲ್ಲ, ಒಂದೇ ಕಡೆ ಕೂತು ಪೂರ್ತಿ ಮುಗಿಸಿ ಏಳುತ್ತಾಳೆ. ಹುಲ್ಲಿನ ಮೇಲೆ ತಟ್ಟೆಯಷ್ಟು ಅಗಲದ ಹಳದಿ ಕಲೆಗಳು ಎದ್ದವು. ನಡುವೆ ಸುಟ್ಟ ಹಳದಿ, ಸುತ್ತ ಕಡು ಹಸಿರಿನ ಬಳೆ. ಯಾವುದೋ ರೋಗ ಅಂತ ಔಷಧಿ ಹೊಡೆಸಿದ್ದೂ ಆಯಿತು. ಅಜ್ಜ ಇದನ್ನು ಒಂದು ಮಾತಿನಲ್ಲಿ ಮುಗಿಸಿದರು: "ಯೂರಿಯಾ ಕಣವ್ವ. ಬುಡಕ್ಕೆ ಸುರಿದ್ರೆ ಸುಡ್ತದೆ, ಅಂಚಿಗೆ ಹಿತವಾಗಿ ಬಿದ್ರೆ ಬೆಳೀತದೆ." ಅವಳು ಎದ್ದ ತಕ್ಷಣ ಒಂದು ಚೆಂಬು ನೀರು ಹುಯ್ದರೆ ಸಾಕಿತ್ತಂತೆ. ನೋಡಿ, ಒಂದು ಚೆಂಬು ನೀರು!

ನಾನು ಮಾಡಿದ್ದೇನು? ಈ ಬೇಸಿಗೆಗೆ ಅಷ್ಟನ್ನೂ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸಿಸಿದೆ. ಅಂಗಡಿಯ ಹುಡುಗ "ಪೆಟ್ ಫ್ರೆಂಡ್ಲಿ ಮೇಡಂ" ಅಂದ. ನಿಮ್ಮ ಮನೆಯಲ್ಲಿ ನಾಯಿ ಇದೆಯಾ ಅಂತ ನಾನು ಅವನನ್ನು ಕೇಳಬೇಕಿತ್ತು, ಕೇಳಲಿಲ್ಲ. ಹಾಸಿದ ದಿನ ಅಡುಗೆಮನೆ ಕಿಟಕಿಯಿಂದ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಎಷ್ಟು ಹಸಿರು ಅಂತೀರಿ!

ಕಳೆದ ಭಾನುವಾರ ಮಧ್ಯಾಹ್ನ ಅದೇ ಕಿಟಕಿಯಿಂದ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ರಾಗಿ ಆ ಹುಲ್ಲಿನ ಅಂಚಲ್ಲಿ ನಿಂತಿದ್ದಳು. ಮುಂದಿನ ಬಲಗಾಲು ಇಟ್ಟಳು, ಎತ್ತಿದಳು. ಎಡಗಾಲು ಇಟ್ಟಳು, ಎತ್ತಿದಳು. ಆಮೇಲೆ ಗೋಡೆ ಪಕ್ಕದ ಎರಡು ಅಂಗುಲದ ನೆರಳಿನಲ್ಲಿ, ಹಗ್ಗದ ಮೇಲೆ ನಡೆಯುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು, ಒಗೆಯುವ ಕಲ್ಲಿನ ಹತ್ತಿರ ಉಳಿದಿದ್ದ ಒಂದಿಷ್ಟು ಒದ್ದೆ ಮಣ್ಣಿಗೆ ಹೋಗಿ ಹೊಟ್ಟೆ ಹಚ್ಚಿ ಮಲಗಿದಳು. ನಾನು ಹೊರಗೆ ಬಂದು ಬರಿಗಾಲಿಟ್ಟೆ. ಅರ್ಧ ನಿಮಿಷ ನಿಲ್ಲಲಾಗಲಿಲ್ಲ. ಜೊತೆಗೆ ವಾಸನೆ ಬೇರೆ, ಹಳೇ ಬಸ್ ಸ್ಟ್ಯಾಂಡಿನದು. ತೊಳೆದರೂ ಬುಡದಲ್ಲಿ ಹಾಗೇ ನಿಂತಿರುತ್ತೆ.

ಅಜ್ಜನನ್ನು ಕರೆಸಿದ್ದು ಅದಕ್ಕೇ. ಮನೆಯಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ಅತ್ತೆಗೆ ಸಿಮೆಂಟ್ ಬೇಕು, ಮಳೆಗಾಲದಲ್ಲಿ ಕೆಸರು ಕಾಲಲ್ಲಿ ದೇವರಮನೆವರೆಗೂ ಬರುತ್ತಾಳೆ ಅಂತ. ಅವರ ಸಿಟ್ಟು ಸುಳ್ಳಲ್ಲ, ಒರೆಸುವವರು ಅವರೇ ತಾನೆ. ಗಂಡ ಜಲ್ಲಿ ಅಂದರು. ಈ ಮನುಷ್ಯ ಒಂದು ದಿನವೂ ಅವಳ ಕಕ್ಕ ಎತ್ತಿದವರಲ್ಲ. ಜಲ್ಲಿಯೊಳಗಿಂದ ಅದನ್ನು ಎತ್ತಿ ನೋಡಲಿ, ಆಮೇಲೆ ಮಾತಾಡೋಣ. ಹುಲ್ಲಾದರೆ ಉಣ್ಣಿ ಆಗುತ್ತದಲ್ಲಾ ಅನ್ನುವ ಹೆದರಿಕೆ ನನಗೂ ಇತ್ತು. ಡಾಕ್ಟರು ಹೇಳಿದ್ದು, ಹುಲ್ಲು ಗಿಡ್ಡ ಇರಲಿ, ಉಣ್ಣಿಯ ಔಷಧಿ ತಪ್ಪಿಸಬೇಡಿ, ನಾಯಿಯ ಉಣ್ಣಿ ಗೋಡೆ ಬಿರುಕಿನಲ್ಲೂ ಕೂತಿರುತ್ತೆ, ಸಿಮೆಂಟ್ ಹಾಕಿದರೆ ಹೋಗುವಂಥದ್ದಲ್ಲ ಅಂತ.

ಅಜ್ಜ ಯಾರ ಮಾತೂ ಕೇಳಲಿಲ್ಲ. ಹಿತ್ತಲು ಒಂದು ಸುತ್ತು ಹಾಕಿದರು. ಕಾಂಪೌಂಡ್ ಉದ್ದಕ್ಕೂ ಬೊಗಳುತ್ತಾ ಓಡಿ ಓಡಿ ರಾಗಿ ಸವೆಸಿದ ಒಂದು ದಾರಿ ಇದೆ. "ಇಲ್ಲಿ ಏನ್ ಹಾಕಿದ್ರೂ ಬರಲ್ಲ, ಚಪ್ಪಡಿ ಹಾಕ್ಸಿ" ಅಂದರು. ಮಾವಿನ ಮರದ ನೆರಳಲ್ಲಿ ಗರಿಕೆ ಏಳುವುದಿಲ್ಲವಂತೆ, ಅಲ್ಲಿ ಮಣ್ಣು ಹಾಗೇ ಇರಲಿ, ಕೆರೆದುಕೊಳ್ಳಲಿ. ಬಿಸಿಲು ಬೀಳುವ ನಡುವಿನ ಜಾಗಕ್ಕೆ ಗರಿಕೆ. ಉಚ್ಚೆಗೆ ಅದೂ ಸುಡುತ್ತೆ, ಆದರೆ ಬೇರು ಬದುಕಿದ್ದರೆ ಮತ್ತೆ ಹಬ್ಬುತ್ತೆ. ಹೊಟ್ಟೆ ಕೆಟ್ಟ ದಿನ ನಾಯಿಗೂ ಅದೇ ಬೇಕಲ್ವಾ?

ಹೌದು, ನಾನು ದುಡ್ಡು ಕೊಟ್ಟು ಕೀಳಿಸಿದ ಅದೇ ಗರಿಕೆ. ಹಿತ್ತಲ ಗಿಡದ ಗಾದೆ ನೆನಪಾಗುತ್ತಿದ್ದರೆ ಸುಮ್ನಿರಿ, ಅತ್ತೆ ಆಗಲೇ ಮೂರು ಸಲ ಹೇಳಿದ್ದಾರೆ.

ನನ್ನ ತವರಿನ ಹಿತ್ತಲಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು, ನಾಯಿ ಆ ಬುಡದಲ್ಲೇ ಬಿದ್ದಿರುತ್ತಿತ್ತು. ನೆಲಕ್ಕೆ ಏನು ಹಾಸಿಸೋಣ ಅಂತ ಅಲ್ಲಿ ಯಾರೂ ಕೇಳಿದ್ದೇ ಇಲ್ಲ. ಈಗ ನಮ್ಮ ಬೀದಿಯಲ್ಲಿ ಮಣ್ಣು ಕಾಣುವ ಹಿತ್ತಲು ಎರಡೋ ಮೂರೋ. ಉಳಿದವರದ್ದು ಟೈಲ್ಸು, ಇಂಟರ್‌ಲಾಕು. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಎರಡು ವರ್ಷ ನಾನೂ ಹಿತ್ತಲನ್ನು ಕಿಟಕಿಯಿಂದಲೇ ನೋಡಿದವಳು. ಹೊಟ್ಟೆ ಹಚ್ಚಿ ಮಲಗುವವಳು ಅವಳು, ಬಣ್ಣ ಆರಿಸಿದ್ದು ನಾನು. "ಹುಲ್ಲು ನಾಯಿಗೋ, ನಿಮಗೋ" ಅಂದಾಗ ಅಜ್ಜ ಬೈಯ್ಯಲಿಲ್ಲ, ಸುಮ್ನೆ ಕೇಳಿದರು, ಅದೇ ಜಾಸ್ತಿ ಚುಚ್ಚುತ್ತಿದೆ.

ಬುಧವಾರ ಅವರು ಒಂದು ಗೋಣಿಚೀಲ ಗರಿಕೆ ತಂದು, ಎರಡು ಮೂರು ಗೆಣ್ಣಿಗೆ ಒಂದರಂತೆ ಕತ್ತರಿಸಿ, ಗೇಣಿಗೊಂದು ನೆಟ್ಟರು. ಕೂಲಿ ಬಿಟ್ಟು ಹುಲ್ಲಿಗೆ ಕಾಸು ಮುಟ್ಟಲಿಲ್ಲ. ಬೇರು ಹಿಡಿಯುವವರೆಗೆ ರಾಗಿ ಹೋಗದಂತೆ ಅತ್ತೆಯ ಹಳೇ ಸೀರೆ ಅಡ್ಡ ಕಟ್ಟಿದ್ದೇವೆ. ಅವಳು ಅದರ ಕೆಳಗೆ ಮೂತಿ ತೂರಿಸಿ ಕೂತಿರುತ್ತಾಳೆ.

ನಿನ್ನೆ ಸಂಕಷ್ಟಿ. ಪೂಜೆಗೆ ಎರಡು ಎಳೆ ಕಿತ್ತುಕೊಳ್ಳಲಾ ಅಂತ ಅತ್ತೆಯನ್ನು ಕೇಳಿದೆ. "ಆ ನೆಲದ್ದಾ? ಗಣಪತಿಗಾ?" ಅಂದರು. ಚಪ್ಪಲಿ ಮೆಟ್ಟಿಕೊಂಡು ಹೋಗಿ 10 ರೂಪಾಯಿ ಕೊಟ್ಟು ಒಂದು ಕಟ್ಟು ಗರಿಕೆ ತಂದೆ.